ಬಾಲ್ ಪೈಥಾನ್: ಸಣ್ಣ ಸಂಗ್ರಹಕ್ಕೆ ಹೊಸ ಮಾರ್ಫ್ ಆರಿಸುವ ಬಗೆ

ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಹುಲ್ಲುಗಾವಲುಗಳಲ್ಲಿ ವಾಸಿಸುವ ಬಾಲ್ ಪೈಥಾನ್, ಹೆಬ್ಬಾವಿನ ಬಳಗದಲ್ಲಿಯೇ ಸಣ್ಣ ಗಾತ್ರದ, ನಾಚಿಕೆ ಸ್ವಭಾವದ ಹಾವು. ಹೆದರಿದಾಗ ತಲೆಯನ್ನು ನಡುವೆ ಅಡಗಿಸಿ ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುವುದರಿಂದ ಅದಕ್ಕೆ ಈ ಹೆಸರು ಬಂದಿದೆ. ಘಾನಾ, ಟೋಗೊ, ಬೆನಿನ್ ದೇಶಗಳಿಂದ ರಫ್ತಾದ ಸಾವಿರಾರು ಕಂದು ಹಾವುಗಳ ನಡುವೆ ಆಗೊಂದು ಈಗೊಂದು ಕಾಣಿಸಿಕೊಂಡ ವಿಚಿತ್ರ ಬಣ್ಣದ ಹಾವುಗಳೇ ಇಂದಿನ ಮಾರ್ಫ್‌ಗಳ, ಅಂದರೆ ಬಣ್ಣ ಮತ್ತು ವಿನ್ಯಾಸದ ಬಗೆಗಳ, ಮೂಲ. 1992ರಲ್ಲಿ ಅಮೆರಿಕದಲ್ಲಿ ಸಾಕಣೆಯಲ್ಲೇ ಆಲ್ಬಿನೊ ಮರಿಗಳು ಹುಟ್ಟಿದ ಮೇಲೆ ಈ ಬಣ್ಣಗಳು ವಂಶಪಾರಂಪರ್ಯವಾಗಿ ಇಳಿಯುತ್ತವೆ ಎಂಬುದು ಸಾಕಣೆದಾರರಿಗೆ ಖಚಿತವಾಯಿತು. ಇಂದು ಒಂದರೊಡನೆ ಒಂದು ಬೆರೆತ ಮಾರ್ಫ್‌ಗಳು ಸಾವಿರಗಟ್ಟಲೆ ಇವೆ. ನಾಲ್ಕಾರು ಹಾವುಗಳನ್ನಷ್ಟೇ ಸಾಕಬಲ್ಲ ನಮ್ಮಂಥವರು ಮುಂದಿನದಾಗಿ ಯಾವುದನ್ನು ತರಬೇಕು ಎಂದು ತಿಳಿಯದೆ ತಡಬಡಾಯಿಸುವುದು ಸಹಜ.

ಈ ಆಯ್ಕೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿರುವ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಮಾರ್ಫನ್ನು ತೂಗಿ ನೋಡುವಾಗ ಅದರಿಂದ ಹುಟ್ಟಬಹುದಾದ ಅತ್ಯಂತ ಸುಂದರ ಮರಿಯನ್ನು ಕಲ್ಪಿಸಿಕೊಳ್ಳಬಾರದು, ಆ ಕಾವಿನಲ್ಲಿ, ಅಂದರೆ ಒಂದು ಸಲಕ್ಕೆ ಇಟ್ಟ ಮೊಟ್ಟೆಗಳಿಂದ, ಹೊರಬರುವ ಎಲ್ಲ ಮರಿಗಳನ್ನೂ ಕಣ್ಣ ಮುಂದೆ ತಂದುಕೊಳ್ಳಬೇಕು. ಒಂದು ಹೆಣ್ಣು ಸಾಮಾನ್ಯವಾಗಿ ಆರರ ಆಸುಪಾಸಿನಷ್ಟು ಮೊಟ್ಟೆಯಿಡುತ್ತದೆ. ಆರರಲ್ಲಿ ಒಂದು ಮರಿ ನೀವು ಬಯಸಿದ್ದೇ ಆದರೂ ಉಳಿದ ಐದಕ್ಕೆ ಮನೆ ಬೇಕು, ಆಹಾರ ಬೇಕು, ಅಗತ್ಯ ಬಿದ್ದರೆ ದಶಕಗಳ ಆರೈಕೆಯೂ ಬೇಕು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 1961ರಿಂದಲೂ ಇದ್ದ ಒಂದು ಬಾಲ್ ಪೈಥಾನ್ 2020ರಲ್ಲಿ, ಸುಮಾರು 62 ವರ್ಷ ವಯಸ್ಸಿನಲ್ಲಿ, ಗಂಡಿನ ಸಂಗವಿಲ್ಲದೆ ವರ್ಷಗಳೇ ಕಳೆದ ಮೇಲೂ ಮೊಟ್ಟೆಯಿಟ್ಟಿತು. ಸಾಕಿದ ಹಾವು 20ರಿಂದ 30 ವರ್ಷ ಬದುಕುವುದು ಸಾಮಾನ್ಯವೆಂಬುದನ್ನು ನೆನಪಿಟ್ಟುಕೊಂಡೇ ಲೆಕ್ಕಕ್ಕೆ ಕೂರಬೇಕು.

ಮೊದಲ ಕೆಲಸವೆಂದರೆ ನಿಮ್ಮಲ್ಲಿ ಈಗಿರುವ ಹೆಣ್ಣುಗಳ ಪಟ್ಟಿ ಮಾಡುವುದು. ಪ್ರತಿಯೊಂದರ ಮುಂದೆ ಅದರ ವಯಸ್ಸು, ತೂಕ, ಕಣ್ಣಿಗೆ ಕಾಣುವ ಜೀನ್‌ಗಳು ಹಾಗೂ ಒಳಗೆ ಅಡಗಿವೆ ಎಂದು ಮಾರಿದವರು ಹೇಳಿದ ಜೀನ್‌ಗಳನ್ನು ಪ್ರತ್ಯೇಕವಾಗಿ ಬರೆಯಿರಿ. ಹೆಣ್ಣು ಸುಮಾರು 1,500 ಗ್ರಾಂ ತೂಗಿ, ಮೂರನೆಯ ವರ್ಷದ ಹತ್ತಿರ ಬರುವವರೆಗೆ ಅದನ್ನು ಕೂಡಿಸುವುದು ಸರಿಯಲ್ಲ. ಗಂಡಾದರೋ ಒಂದು ವರ್ಷ ದಾಟುವ ಹೊತ್ತಿಗೆ, 600–700 ಗ್ರಾಂ ತೂಕದಲ್ಲಿಯೇ ಸಿದ್ಧವಾಗುತ್ತದೆ. ಒಂದೇ ಗಂಡು ಒಂದು ಹಂಗಾಮಿನಲ್ಲಿ ಹಲವು ಹೆಣ್ಣುಗಳೊಡನೆ ಕೂಡಬಲ್ಲದು. ಹೀಗಾಗಿ ಸಣ್ಣ ಸಂಗ್ರಹಕ್ಕೆ ಒಂದೇ ಒಂದು ಹಾವನ್ನು ತರಲು ಹಣವಿದ್ದರೆ ಅದು ಗಂಡಾಗಿರಲಿ, ಮತ್ತು ಆ ಗಂಡಿನ ಜೀನ್‌ಗಳು ನಿಮ್ಮ ಹೆಣ್ಣುಗಳಲ್ಲಿ ಹೆಚ್ಚಿನವಕ್ಕೆ ಹೊಂದುವಂತಿರಲಿ.

ಜೀನ್‌ಗಳು ಇಳಿದುಬರುವ ರೀತಿಯನ್ನು ಅರಿಯದೆ ಈ ಹೊಂದಾಣಿಕೆಯನ್ನು ನೋಡಲಾಗದು. ಪ್ಯಾಸ್ಟೆಲ್, ಮೊಹಾವಿ, ಎಂಚಿ, ಫೈರ್ ಮುಂತಾದವು ಅಪೂರ್ಣ ಪ್ರಾಬಲ್ಯದ ಜೀನ್‌ಗಳು. ಒಂದು ಪ್ರತಿಯಿದ್ದರೂ ಮೈಮೇಲೆ ಕಾಣುತ್ತವೆ, ಎರಡು ಪ್ರತಿ ಸೇರಿದರೆ ‘ಸೂಪರ್’ ಎಂದು ಕರೆಯುವ ಮತ್ತೊಂದೇ ರೂಪ ಬರುತ್ತದೆ. ಸಾಕಣೆದಾರರ ಮಾತಿನಲ್ಲಿ ಇವಕ್ಕೆ ಕೋಡಾಮಿನೆಂಟ್ ಎಂಬ ಹೆಸರು ಅಂಟಿಕೊಂಡಿದೆ, ಆದರೆ ಶಾಸ್ತ್ರದ ದೃಷ್ಟಿಯಲ್ಲಿ ಅದು ಬೇರೆ. ಕ್ಲೌನ್, ಪೈಬಾಲ್ಡ್, ಆಲ್ಬಿನೊ, ಆಕ್ಸಾಂಥಿಕ್, ಡೆಸರ್ಟ್ ಘೋಸ್ಟ್‌ಗಳು ಅಪ್ರಬಲ ಜೀನ್‌ಗಳು. ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಎರಡೂ ಪ್ರತಿಗಳು ಸೇರಿದರಷ್ಟೇ ಬಣ್ಣ ಹೊರಬೀಳುತ್ತದೆ. ಒಂದೇ ಪ್ರತಿಯನ್ನು ಒಳಗಿಟ್ಟುಕೊಂಡು ಸಾಮಾನ್ಯವಾಗಿಯೇ ಕಾಣುವ ಹಾವಿಗೆ ‘ಹೆಟ್’ ಎನ್ನುತ್ತಾರೆ. ಎರಡು ಹೆಟ್‌ಗಳನ್ನು ಕೂಡಿಸಿದಾಗ ಪ್ರತಿ ಮೊಟ್ಟೆಗೂ ನಾಲ್ಕರಲ್ಲಿ ಒಂದು ಪಾಲು ಬಣ್ಣದ ಮರಿಯ ಅವಕಾಶವಿರುತ್ತದೆ; ಬಣ್ಣ ಕಾಣದ ಮರಿಗಳಲ್ಲಿ ಮೂರಕ್ಕೆರಡು ಹೆಟ್ ಆಗಿರುವ ಸಂಭವವಿರುವುದರಿಂದ ಅವನ್ನು ‘66 ಪರ್ಸೆಂಟ್ ಹೆಟ್’ ಎಂದು ಮಾರುತ್ತಾರೆ.

ಈ ಭಾಗಗಳನ್ನು ಮೊಟ್ಟೆಗಳ ಸಂಖ್ಯೆಗೆ ಇಳಿಸಿ ನೋಡಿದಾಗ ಚಿತ್ರ ಸ್ಪಷ್ಟವಾಗುತ್ತದೆ. ಆರು ಮೊಟ್ಟೆಗಳಿರುವ ಕಾವಿನಲ್ಲಿ, ಬಣ್ಣ ತೋರುವ ಗಂಡನ್ನು ಹೆಟ್ ಹೆಣ್ಣಿನೊಡನೆ ಕೂಡಿಸಿದ್ದರೆ ಕನಿಷ್ಠ ಒಂದು ಬಣ್ಣದ ಮರಿ ಸಿಗುವ ಸಂಭವ ಶೇ. 98ಕ್ಕೂ ಹೆಚ್ಚು. ಎರಡೂ ಹೆಟ್ ಆಗಿದ್ದರೆ ಅದು ಶೇ. 82ಕ್ಕೆ ಇಳಿಯುತ್ತದೆ. ಎರಡು ಅಪ್ರಬಲ ಜೀನ್‌ಗಳಿಗೆ ಹೆಟ್ ಆಗಿರುವ ಜೋಡಿಯಿಂದ ಎರಡನ್ನೂ ಒಟ್ಟಿಗೆ ತೋರುವ ಮರಿಯನ್ನು ಬಯಸಿದರೆ ಪ್ರತಿ ಮೊಟ್ಟೆಗೂ ಇರುವ ಅವಕಾಶ ಹದಿನಾರರಲ್ಲಿ ಒಂದು, ಇಡೀ ಕಾವಿಗೆ ಶೇ. 32 ಮಾತ್ರ. ನೂರು ಹೆಣ್ಣುಗಳಿರುವವರಿಗೆ ಹದಿನಾರರಲ್ಲೊಂದು ಎಂಬುದು ಪ್ರತಿವರ್ಷವೂ ಕೈಗೆಟಕುವ ಫಲ. ಎರಡು ಹೆಣ್ಣುಗಳಿರುವವರಿಗೆ ಅದು ವರ್ಷಗಟ್ಟಲೆ ಕಾಯಿಸುವ ಆಸೆ, ಅಷ್ಟರಲ್ಲಿ ಬಯಸದ ಮರಿಗಳ ಟಬ್‌ಗಳು ರ್‍ಯಾಕ್ ತುಂಬಿರುತ್ತವೆ. ಹಾಗಾಗಿ ಸಣ್ಣ ಸಂಗ್ರಹದಲ್ಲಿ ಒಂದೇ ಅಪ್ರಬಲ ಜೀನನ್ನು ಹಿಡಿದು, ಅದರ ಬಣ್ಣವನ್ನು ತಾನೇ ತೋರುವ ಗಂಡನ್ನು ಕೊಳ್ಳುವುದು, ಅಗ್ಗವಾಗಿ ಸಿಗುವ ಹೆಟ್ ಜೋಡಿಗಿಂತ ಎಷ್ಟೋ ಮೇಲು.

ಒಂದು ಉದಾಹರಣೆ ನೋಡೋಣ. ನಿಮ್ಮಲ್ಲಿ ಒಂದು ಸಾಮಾನ್ಯ ಹೆಣ್ಣು, ಒಂದು ಮೊಹಾವಿ ಹೆಣ್ಣು ಮತ್ತು ಕ್ಲೌನ್‌ಗೆ ಹೆಟ್ ಆದ ಒಂದು ಹೆಣ್ಣು ಇವೆ ಎಂದುಕೊಳ್ಳಿ. ಬರಿಯ ಕ್ಲೌನ್ ಗಂಡನ್ನು ತಂದರೆ ಮೂರನೆಯ ಹೆಣ್ಣಿನಿಂದ ಅರ್ಧದಷ್ಟು ಕ್ಲೌನ್ ಮರಿಗಳು ಬರುತ್ತವೆ. ಮೊದಲ ಹೆಣ್ಣಿನ ಮರಿಗಳೆಲ್ಲ ಖಚಿತ ಹೆಟ್‌ಗಳಾದರೂ ನೋಡಲು ಸಾಮಾನ್ಯ ಹಾವುಗಳೇ. ಅದರ ಬದಲು ಪ್ಯಾಸ್ಟೆಲ್ ಕ್ಲೌನ್ ಅಥವಾ ಎಂಚಿ ಕ್ಲೌನ್ ಗಂಡನ್ನು ತಂದಿರಾದರೆ ಎಲ್ಲ ಕಾವುಗಳಲ್ಲಿಯೂ ಸುಮಾರು ಅರ್ಧದಷ್ಟಾದರೂ ಮರಿಗಳು ಕಣ್ಣಿಗೆ ಕಾಣುವ ಬಣ್ಣವೊಂದನ್ನು ಹೊತ್ತು ಬರುತ್ತವೆ, ಮೊಹಾವಿ ಹೆಣ್ಣಿನಿಂದ ಎರಡೂ ಸೇರಿದ ಮರಿಗಳು ದೊರೆಯುತ್ತವೆ, ಹೆಟ್ ಹೆಣ್ಣಿನಿಂದ ನಾಲ್ಕರಲ್ಲೊಂದು ಪಾಲು ತಂದೆಯಂಥದೇ ಮರಿ ಸಿಗುತ್ತದೆ, ಮತ್ತು ಇವೆಲ್ಲದರ ನಡುವೆ ಅತಿ ಸಾಧಾರಣವಾಗಿ ಕಾಣುವ ಮರಿಯೂ ಕ್ಲೌನ್‌ಗೆ ಖಚಿತ ಹೆಟ್ ಆಗಿರುತ್ತದೆ. ಇಲ್ಲಿ ಯಾವ ಮರಿಯೂ ಬೇಡದ ಮರಿಯಾಗುವುದಿಲ್ಲ. ಕೈಯಲ್ಲಿರುವ ಹೆಣ್ಣುಗಳನ್ನು ಬದಲಿಸದೆ ಇಷ್ಟನ್ನು ಸಾಧಿಸಿಕೊಡುವ ಗಂಡು ತುಸು ದುಬಾರಿಯಾದರೂ ಕೊಳ್ಳತಕ್ಕದ್ದೇ.

ಕೆಲವು ಜೀನ್‌ಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಬನಾನಾ ಜೀನ್ ಲಿಂಗ ವರ್ಣತಂತುವಿನ ಮೇಲಿದೆ. ಬನಾನಾ ಗಂಡು ಆ ಜೀನನ್ನು ತಂದೆಯಿಂದ ಪಡೆದಿದ್ದರೆ ಅದರ ಬನಾನಾ ಮರಿಗಳಲ್ಲಿ ಬಹುಪಾಲು ಗಂಡುಗಳು. ತಾಯಿಯಿಂದ ಪಡೆದಿದ್ದರೆ ಬಹುಪಾಲು ಹೆಣ್ಣುಗಳು. ನಾನು ಮೊದಲ ಬನಾನಾ ಗಂಡನ್ನು ಕೊಂಡಾಗ ಜೀನ್ ಯಾರಿಂದ ಬಂತು ಎಂಬ ಈ ಪ್ರಶ್ನೆಯನ್ನು ಕೇಳಿರಲಿಲ್ಲ; ಮುಂದಿನ ಪೀಳಿಗೆಗೆಂದು ಬನಾನಾ ಹೆಣ್ಣೊಂದನ್ನು ಕಾಯುತ್ತ ಎರಡು ಹಂಗಾಮು ಕಳೆದೆ, ಹುಟ್ಟಿದ ಬನಾನಾಗಳೆಲ್ಲ ಗಂಡುಗಳೇ ಆದವು. ಆಕ್ಸಾಂಥಿಕ್ ಕೊಳ್ಳುವಾಗ ಅದು ಯಾವ ಸಾಲಿನದು, ಅಂದರೆ ಯಾವ ವಂಶದ್ದು, ಎಂದು ಕೇಳಬೇಕು, ಏಕೆಂದರೆ ವಿಪಿಐ, ಟಿಎಸ್‌ಕೆ ಮೊದಲಾದ ಸಾಲುಗಳು ಒಂದಕ್ಕೊಂದು ಕೂಡಿಬರುವುದಿಲ್ಲ. ಮೊಹಾವಿ ಮತ್ತು ಲೆಸ್ಸರ್ ಎಂಬ ಜೀನ್‌ಗಳು ಸೇರಿದಾಗ ಹುಟ್ಟುವ ನೀಲಿ ಕಣ್ಣಿನ ಬಿಳಿ ಹಾವು ನೋಡಲು ಮನಮೋಹಕವಾದರೂ ಆ ಬಿಳಿಯ ಅಡಿಯಲ್ಲಿ ಉಳಿದ ಜೀನ್‌ಗಳೆಲ್ಲ ಮರೆಯಾಗುವುದರಿಂದ ಮರಿಯಲ್ಲಿ ಏನೇನಿದೆ ಎಂದು ಗುರುತಿಸುವುದು ಕಷ್ಟ.

ಇನ್ನು ಆರೋಗ್ಯದ ಮಾತು. ಇದರಲ್ಲಿ ನಾನು ರಾಜಿಗೆ ಸಿದ್ಧನಿಲ್ಲ. 1999ರಿಂದ ಪ್ರಸಿದ್ಧವಾದ ಸ್ಪೈಡರ್ ಮಾರ್ಫ್‌ನ ಹಾವುಗಳೆಲ್ಲವೂ ಹೆಚ್ಚು ಕಡಿಮೆ ತಲೆ ನಡುಗಿಸುತ್ತವೆ, ಕತ್ತು ತಿರುಚುತ್ತವೆ, ಕೆಲವು ಆಹಾರವನ್ನು ಗುರಿಯಿಟ್ಟು ಹಿಡಿಯಲಾರದೆ ತಡವರಿಸುತ್ತವೆ. ಬಣ್ಣ ಮತ್ತು ಈ ದೋಷ ಒಟ್ಟಿಗೇ ಇಳಿಯುವುದರಿಂದ ಎಷ್ಟೇ ಆರಿಸಿ ಕೂಡಿಸಿದರೂ ಒಂದನ್ನುಳಿಸಿ ಇನ್ನೊಂದನ್ನು ಕಳೆಯಲಾಗಿಲ್ಲ. 2022ರಲ್ಲಿ ಪ್ರಕಟವಾದ ಸಿಟಿ ಸ್ಕ್ಯಾನ್ ಅಧ್ಯಯನವೊಂದು ಈ ಹಾವುಗಳ ಒಳಕಿವಿಯ ರಚನೆಯೇ ವಿಕಾರಗೊಂಡಿರುವುದನ್ನು ತೋರಿಸಿತು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪಟಲಾಜಿಕಲ್ ಸೊಸೈಟಿ ತನ್ನ ಪ್ರದರ್ಶನಗಳಲ್ಲಿ ಸ್ಪೈಡರ್ ಮಾರಾಟವನ್ನು ನಿಷೇಧಿಸಿದೆ. ಷಾಂಪೇನ್ ಮತ್ತು ಹಿಡನ್ ಜೀನ್ ವೋಮಾ ಎಂಬ ಮಾರ್ಫ್‌ಗಳಲ್ಲಿಯೂ ಇಂಥದೇ ತೊಂದರೆಯಿದೆ. ‘ಬಂಬಲ್ ಬೀ’ಯಂತಹ ಹೆಸರುಗಳ ಹಿಂದೆ ಸ್ಪೈಡರ್ ಇರುತ್ತದೆ ಎಂಬುದನ್ನು ಹೊಸಬರು ಗಮನಿಸುವುದಿಲ್ಲ, ಬಂಬಲ್ ಬೀ ಎಂದರೆ ಪ್ಯಾಸ್ಟೆಲ್ ಮತ್ತು ಸ್ಪೈಡರ್ ಸೇರಿದ ಹಾವು. ಕ್ಯಾರಮೆಲ್ ಆಲ್ಬಿನೊದಲ್ಲಿ ಬೆನ್ನೆಲುಬು ಸೊಟ್ಟಗಾಗುವುದು, ಸೂಪರ್ ಸಿನಮನ್ ಮತ್ತು ಸೂಪರ್ ಬ್ಲ್ಯಾಕ್ ಪ್ಯಾಸ್ಟೆಲ್‌ಗಳಲ್ಲಿ ಮೂತಿ ಬಾತುಕೋಳಿಯದರಂತೆ ಚಪ್ಪಟೆಯಾಗುವುದು, ಡೆಸರ್ಟ್ ಹೆಣ್ಣುಗಳು ಮೊಟ್ಟೆಯಿಡಲಾರದೆ ನರಳುವುದು ಇವೆಲ್ಲ ಸಾಕಣೆದಾರರಿಗೆ ತಿಳಿದ ಸಂಗತಿಗಳೇ. ಈ ಡೆಸರ್ಟ್ ಬೇರೆ, ಮೇಲೆ ಹೇಳಿದ ಡೆಸರ್ಟ್ ಘೋಸ್ಟ್ ಬೇರೆ. ನೆಮ್ಮದಿಯಾಗಿ ಬದುಕುವ ಜೀನ್‌ಗಳು ನೂರಾರು ಇರುವಾಗ ನರಳುವ ಹಾವನ್ನು ಬೇಕೆಂದೇ ಹುಟ್ಟಿಸುವುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.

ಬೆಲೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಪೂರ್ಣ ಪ್ರಾಬಲ್ಯದ ಜೀನ್‌ಗಳು ಬೇಗ ಹರಡುವುದರಿಂದ ಅವುಗಳ ಬೆಲೆ ಬೇಗ ಕುಸಿಯುತ್ತದೆ. ಅಪ್ರಬಲ ಜೀನ್‌ಗಳ ಬೆಲೆ ನಿಧಾನವಾಗಿ ಇಳಿಯುತ್ತದೆ. ಇಂದು ಮರಿಯಾಗಿ ಕೊಂಡ ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ಮೂರು ವರ್ಷ ಕಳೆದಿರುತ್ತದೆಯಾದ್ದರಿಂದ ಇವತ್ತಿನ ದರವನ್ನು ನಂಬಿ ಆರಿಸಬೇಡಿ.

ಮಾರುವವರ ಬಳಿ ಹೋದಾಗ ತಂದೆತಾಯಿಗಳ ಚಿತ್ರ, ಮರಿ ಹುಟ್ಟಿದ ದಿನ, ಕನಿಷ್ಠ ಹತ್ತು ಊಟಗಳ ದಾಖಲೆ ಮತ್ತು ಗ್ರಾಂನಲ್ಲಿ ತೂಕ ಕೇಳಿರಿ. ಬಾಲ್ ಪೈಥಾನ್‌ಗಳು ತಿಂಗಳುಗಟ್ಟಲೆ ಉಪವಾಸವಿರುವುದಕ್ಕೆ ಹೆಸರಾದವು. ಹಿಮಗಟ್ಟಿಸಿಟ್ಟು ಕರಗಿಸಿದ ಇಲಿಯನ್ನು ತಪ್ಪದೆ ತಿನ್ನುವ ಮರಿ ಅಪರೂಪದ ಬಣ್ಣಕ್ಕಿಂತ ಬೆಲೆಬಾಳುವಂಥದು. ಹೆಟ್ ಎಂದು ಹೇಳಿ ಮಾರುವ ಹಾವಿನ ಬಗ್ಗೆ ಮಾತನ್ನಷ್ಟೇ ನಂಬಬೇಕಾದ ಕಾಲ ಈಗಿಲ್ಲ, ಅಮೆರಿಕದಲ್ಲಿ ಬಿಟ್ಟ ಪೊರೆಯಿಂದಲೇ ಹಲವು ಅಪ್ರಬಲ ಜೀನ್‌ಗಳ ಡಿಎನ್‌ಎ ಪರೀಕ್ಷೆ ಮಾಡಿಸಬಹುದು.

ಭಾರತದಲ್ಲಿರುವ ಓದುಗರು ಮಾರ್ಫ್‌ಗಿಂತ ಮೊದಲು ಕಾನೂನನ್ನು ನೋಡಬೇಕು. ಬಾಲ್ ಪೈಥಾನ್, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದ್ದನ್ನೂ ಸತ್ತದ್ದನ್ನೂ ಕೈಬದಲಾದದ್ದನ್ನೂ ತಿಳಿಸಬೇಕು. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ, ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಸಿಕ್ಕವು. ಜೊತೆಗಿದ್ದ ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. ಕಾಗದಪತ್ರವಿಲ್ಲದ ಹಾವು ಅಗ್ಗಕ್ಕೆ ಸಿಗುತ್ತದೆಯೆಂದರೆ ಅದು ಬಂದ ದಾರಿ ಬಹುಶಃ ಇಂಥದೇ. ಅದನ್ನು ಕೊಳ್ಳಬೇಡಿ.

ಹೊಸ ಹಾವು ಮನೆಗೆ ಬಂದ ಮೇಲೆ ಕನಿಷ್ಠ 90 ದಿನ ಬೇರೆಯೇ ಕೋಣೆಯಲ್ಲಿಡಿ, ಅದರ ಕೆಲಸವನ್ನು ದಿನದ ಕೊನೆಯಲ್ಲಿ ಮಾಡಿ, ಇಕ್ಕಳವನ್ನೂ ನೀರಿನ ಬಟ್ಟಲನ್ನೂ ಪ್ರತ್ಯೇಕವಾಗಿರಿಸಿ. ನೀರಿನ ಬಟ್ಟಲಿನಲ್ಲಿ ಕಪ್ಪು ಚುಕ್ಕೆಗಳಂತೆ ತೇಲುವ ಮೈಟ್ ಹುಳುಗಳಿಗಾಗಿ ನೋಡುತ್ತಿರಿ. 2014ರಲ್ಲಿ ಬಾಲ್ ಪೈಥಾನ್‌ಗಳಲ್ಲಿ ಗುರುತಿಸಲಾದ ನಿಡೋವೈರಸ್ ಉಸಿರಾಟದ ಮಾರಕ ಕಾಯಿಲೆಗೆ ಕಾರಣವಾಗುತ್ತದೆ ಮತ್ತು ಆರೋಗ್ಯವಾಗಿ ಕಾಣುವ ಹಾವಿನಲ್ಲಿಯೂ ಅದು ಅಡಗಿರಬಲ್ಲದು. ಪಶುವೈದ್ಯರಿಂದ ಬಾಯಿಯ ದ್ರವದ ಪಿಸಿಆರ್ ಪರೀಕ್ಷೆ ಮಾಡಿಸಿ, ಅದು ನೆಗೆಟಿವ್ ಎಂದು ಬಂದು, ಹಾವು ತಪ್ಪದೆ ತಿಂದು ತೂಕ ಏರಿಸಿಕೊಂಡ ನಂತರವೇ ಅದರ ಟಬ್ಬನ್ನು ಉಳಿದವುಗಳ ರ್‍ಯಾಕಿಗೆ ಸೇರಿಸಿ.