ಕೋಡ್‌ಗಿಂತ ಮೊದಲು ಕಮಿಟ್ ಸಂದೇಶ: ನನ್ನ ಅನುಭವ

ಗಿಟ್‌ನಲ್ಲಿ ಕೋಡ್‌ನ ಬದಲಾವಣೆಯನ್ನು ದಾಖಲಿಸುವುದೇ ಕಮಿಟ್; ಅದರ ಜೊತೆ ಬರೆಯುವ ವಿವರಣೆ ಕಮಿಟ್ ಸಂದೇಶ. ಕೋಡ್ ಮುಟ್ಟುವ ಮೊದಲೇ ಅದನ್ನು ಬರೆಯೋಣ ಎಂದು ನಾನು ಹೇಳಿದಾಗ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಕೆಲಸ ಎಂದು ತಂಡದವರು ನಕ್ಕಿದ್ದರು. ಈಗ ನಕ್ಕವರೂ ಹಾಗೆಯೇ ಬರೆಯುತ್ತಿದ್ದಾರೆ.

ಅದಕ್ಕೂ ಮೊದಲು ಬೇರೆ ದಾರಿಗಳೆಲ್ಲ ಕೈಕೊಟ್ಟಿದ್ದವು. ಟೆಂಪ್ಲೇಟ್‌ನಲ್ಲಿ ‘ಏನು’, ‘ಏಕೆ’ ಎಂದು ಶೀರ್ಷಿಕೆ ಇಟ್ಟೆವು. ಕೆಲವೇ ವಾರಗಳಲ್ಲಿ ‘ಏಕೆ’ಯ ಕೆಳಗೆ ‘ಮೇಲಿನಂತೆ’ ಎಂದಷ್ಟೇ ಬರತೊಡಗಿತು. ಹುಕ್ (ಕಮಿಟ್ ಮಾಡುವಾಗ ತಾನಾಗಿ ಓಡುವ ತಪಾಸಣೆ) ಹಾಕಿ ಚಿಕ್ಕ ಸಂದೇಶಗಳನ್ನು ತಡೆದರೆ ಕೆಲವರು ಚುಕ್ಕಿ ತುಂಬಿಸಿದರು, ಉಳಿದವರು ತಪಾಸಣೆ ತಪ್ಪಿಸುವ ‘ನೋ-ವೆರಿಫೈ’ ಹಾಕಿ ದಾಟಿದರು. ಡಿಫ್ (ಕೋಡ್‌ನಲ್ಲಿ ಬದಲಾದ ಸಾಲುಗಳ ಪಟ್ಟಿ) ನೋಡಿ ಸಂದೇಶ ಬರೆದುಕೊಡುವ ಸಾಧನಕ್ಕೆ ಕಟ್ಟಿದ ಚಂದಾ ಪೂರ್ತಿ ದಂಡ. ‘ಟೈಮ್‌ಔಟ್ 30ರಿಂದ 45ಕ್ಕೆ ಬದಲಾಗಿದೆ’ ಎನ್ನುತ್ತದೆ. ಉತ್ತರಕ್ಕೆ ಎಷ್ಟು ಸೆಕೆಂಡ್ ಕಾಯಬೇಕೆಂಬ ಆ ಬದಲಾವಣೆ ಡಿಫ್‌ನಲ್ಲೇ ಇದೆಯಲ್ಲ! 45 ಏಕೆ, 60 ಏಕಲ್ಲ ಎಂಬುದು ಯಾರ ತಲೆಯಲ್ಲಿತ್ತೋ ಅವರೇ ಬರೆಯಬೇಕು.

ಈಗ ಹೊಸ ಕೆಲಸಕ್ಕೆ ಬ್ರಾಂಚ್ (ಕೋಡ್‌ನ ಪ್ರತ್ಯೇಕ ಕವಲು) ತೆರೆದೊಡನೆ ‘ಅಲೌ-ಎಂಪ್ಟಿ’ ಬಳಸಿ ಖಾಲಿ ಕಮಿಟ್ ಮಾಡಿ, ಕಾರಣ ಬರೆದಿಡುತ್ತೇನೆ. ಕೋಡ್ ಆದ ಮೇಲೆ ಅಮೆಂಡ್, ಅಂದರೆ ಅದೇ ಕಮಿಟ್‌ಗೆ ಕೋಡ್ ಸೇರಿಸುವುದು. ಮೊದಲ ಸಾಲಿನಲ್ಲಿ ‘ಮತ್ತು’ ನುಸುಳಿದರೆ ಕೆಲಸವನ್ನೇ ಎರಡಾಗಿ ಒಡೆಯುತ್ತೇನೆ. ಅಷ್ಟರಲ್ಲಿ ಕೋಡ್ ಬೆರೆತುಹೋಗಿದ್ದರೆ, ಬದಲಾವಣೆಗಳನ್ನು ತುಂಡು ತುಂಡಾಗಿ ಆರಿಸಲು ‘ಆ್ಯಡ್ -ಪಿ’ ಇದ್ದೇ ಇದೆ. ಆ ಟೈಮ್‌ಔಟ್‌ಗೆ ಬರೆದದ್ದು ಹೀಗಿತ್ತು:

‘ಪಾವತಿಯ ಉತ್ತರಕ್ಕೆ 45 ಸೆಕೆಂಡ್ ಕಾಯಿರಿ. ಗೇಟ್‌ವೇ ಕೆಲವೊಮ್ಮೆ 40ರ ಹತ್ತಿರ ಉತ್ತರಿಸುತ್ತದೆ. 30ಕ್ಕೇ ಕೈಬಿಟ್ಟರೆ ಮರುಪ್ರಯತ್ನದಲ್ಲಿ ಎರಡು ಬಾರಿ ಹಣ ಕಡಿತವಾಗುತ್ತದೆ. 60 ಇಡಲಾಗದು: ಲೋಡ್ ಬ್ಯಾಲೆನ್ಸರ್ 50ಕ್ಕೆ ಸಂಪರ್ಕ ಕಡಿಯುತ್ತದೆ.’

ತಿಂಗಳುಗಳ ನಂತರ ಒಬ್ಬರು ವೇಗ ಹೆಚ್ಚಿಸಲೆಂದು ಅದನ್ನು ಮತ್ತೆ 30ಕ್ಕೆ ಇಳಿಸಲು ಹೊರಟರು. ಪ್ರತಿ ಸಾಲು ಯಾವ ಕಮಿಟ್‌ನಲ್ಲಿ ಬದಲಾಯಿತೆಂದು ತೋರಿಸುವ ಬ್ಲೇಮ್ ತೆಗೆದು ಸಂದೇಶ ಓದಿದರು, ಅಲ್ಲಿಗೇ ಬಿಟ್ಟರು. ಹಿಂದೆ ಇಂಥದ್ದೇ ಒಂದು ಸಾಲಿಗೆ ‘ದೋಷ ಸರಿಪಡಿಸಿದೆ’ ಎಂದಷ್ಟೇ ಇತ್ತು. ಅದರ ಕಾರಣ ತಿಳಿಯಲು, ಕೆಲಸ ಬಿಟ್ಟು ಹೋಗಿದ್ದವರನ್ನು ಗಂಟೆಯ ಲೆಕ್ಕದಲ್ಲಿ ಕರೆಸಬೇಕಾಯಿತು. ಗ್ರಾಹಕರಿಗೆ ಮರಳಿಸಿದ ಹಣ ಬೇರೆ. ಪ್ರತಿ ಹೆಜ್ಜೆಗೂ ಅರ್ಧ ಕಮಿಟ್‌ಗಳನ್ನು ಬದಿಗಿಟ್ಟು ಹುಡುಕುವ ಬೈಸೆಕ್ಟ್, ಸಾವಿರ ಕಮಿಟ್‌ಗಳಲ್ಲಿ ಹತ್ತೇ ಹೆಜ್ಜೆಗೆ ದೋಷ ತಂದ ಕಮಿಟ್ ತೋರಿಸುತ್ತದೆ, ನಿಜ. ಆದರೆ ಅಲ್ಲಿ ಬರೆದದ್ದೇ ‘ಬದಲಾವಣೆಗಳು’ ಎಂದಾದರೆ ಏನು ಬಂತು?

ನಡುವೆ ಕನ್ನಡದಲ್ಲೇ ಬರೆದು ನೋಡಿದೆ. ಸಾಲಿಗೆ 72 ಚಿಹ್ನೆಯ ಮಿತಿ ಇತ್ತು; ಇಪ್ಪತ್ತೈದು ಚಿಹ್ನೆ ದಾಟುವುದರೊಳಗೆ ‘72 ಮೀರಿತು’ ಎಂದು ಹುಕ್ ತಡೆಯಿತು. ಅದು ಚಿಹ್ನೆಗಳ ಬದಲು ಬೈಟ್ ಎಣಿಸುತ್ತಿತ್ತು. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಎಣಿಕೆ ತಿದ್ದಿದ ಮೇಲೆ ಸಲೀಸಾಯಿತು.

ಸೋಮಾರಿ ಸಂದೇಶ ಹಿಡಿಯುವ ಇನ್ನೊಂದು ಪರೀಕ್ಷೆಯೂ ಹುಕ್‌ನಲ್ಲಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ತಂಡದವರೂ ಇದನ್ನು ಓದುತ್ತಾರೆ.