ಹಲಸಿನ ಮೇಣ ಹತ್ತಿದ ಅಂಗಿಗೆ ಬಿಸಿನೀರು ಹಾಕಬೇಡಿ

ಮೇ ತಿಂಗಳು ಬಂತೆಂದರೆ ಖಾನಾಪುರದ ಕಡೆಯಿಂದ ಬೆಳಗಾವಿಗೆ ಹಲಸಿನ ಹಣ್ಣು ಬರುತ್ತದೆ. ಅದರ ಬೆನ್ನಿಗೇ ನಮ್ಮ ಓಣಿಯ ಯಾರಾದರೊಬ್ಬರು ಮೇಣ ಹತ್ತಿದ ಅಂಗಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಹೋದ ವರ್ಷ ಮೇಲಿನ ಮನೆಯ ಹುಡುಗ ಬಂದಿದ್ದ. "ಬಿಸಿನೀರಾಗ ನೆನಸೇನ್ರಿ ಕಾಕೂ, ಬ್ರಷ್ ಹಚ್ಚಿ ತಿಕ್ಕೇನಿ, ಹೋಗವಲ್ದು." ಹೇಗೆ ಹೋದೀತು? ನಾಣ್ಯದಷ್ಟಿದ್ದ ಮೇಣ ಅಂಗೈ ಅಗಲ ಆಗಿತ್ತು. ಸಾಲದ್ದಕ್ಕೆ ಮೇಲೆ ಇಸ್ತ್ರಿ ಬೇರೆ ಎಳೆದಿದ್ದ. ಇಸ್ತ್ರಿ ಪೆಟ್ಟಿಗೆಯ ತಳಕ್ಕೂ ಮೇಣ.

ಮೇಣ ಬಿಸಿಗೆ ಮೆತ್ತಗಾಗುತ್ತದೆ, ಕರಗಿ ಹೋಗುವುದಿಲ್ಲ. ಮೆತ್ತಗಾದದ್ದು ನೂಲಿನ ಸಂದಿಗೆ ಇಳಿದು ಕೂತುಬಿಡುತ್ತದೆ. ಅದಕ್ಕೇ ಬಿಸಿನೀರಿನ ಸರದಿ ಕೊನೆಗೆ.

1. ಯಾವ ಅಂಟು ಅಂತ ನೋಡಿ

ಬೆರಳು ಒದ್ದೆ ಮಾಡಿಕೊಂಡು ಕಲೆಯ ಅಂಚಿನಲ್ಲಿ ಒಂದು ನಿಮಿಷ ಆಡಿಸಿ. ಲೋಳೆಯಾದರೆ ಬಚಾವ್. ಜಾಲಿ, ಬೇವಿನ ಅಂಟು ಹೀಗೆ ನೀರಿಗೆ ಬಿಡುತ್ತವೆ. ಗೋಕಾಕದ ಕರದಂಟಿಗೆ ಕರಿದು ಹಾಕುತ್ತಾರಲ್ಲ, ಅದೇ ಬಗೆಯ ಅಂಟು ಇವು. ತಣ್ಣೀರಿನಲ್ಲಿ ಅರ್ಧ ತಾಸು ನೆನೆಸಿ, ಒಗೆಯಿರಿ. ಒಣಗಿ ಗಟ್ಟಿಯಾಗಿದ್ದರೆ ಇನ್ನೂ ಒಂದು ತಾಸು ಬಿಡಿ. ಮುಂದಿನದು ಓದುವ ಅಗತ್ಯವಿಲ್ಲ.

ಮಾವಿನ ಗಿಡ ಹೂ ಬಿಟ್ಟಾಗ ಕೆಳಗೆ ನಿಲ್ಲಿಸಿದ ಸ್ಕೂಟರ್ ಸೀಟು, ಹಗ್ಗದ ಮೇಲಿನ ಅರಿವೆ ಎಲ್ಲ ಜಿಗಿಜಿಗಿ ಅನ್ನುತ್ತವೆ. ಗಿಡ ಅಂಟು ಸುರಿಸಿತು ಅಂತ ಜನ ಬೈಯುತ್ತಾರೆ. ಅದು ಗಿಡದ್ದಲ್ಲ, ಜಿಗಿಹುಳುವಿನದು. ರಸ ಹೀರಿ ಸಿಹಿನೀರು ಹೊರಗೆ ಬಿಡುತ್ತದೆ ಅದು. ಸಕ್ಕರೆ ಅಷ್ಟೇ, ಬರೀ ನೀರಿಗೆ ಹೋಗುತ್ತದೆ. ಹಾಗೇ ಬಿಟ್ಟರೆ ಮಾತ್ರ ಕಪ್ಪು ಬೂಷ್ಟು ಹಿಡಿಯುತ್ತದೆ.

ನೀರಿಗೆ ಜಗ್ಗದೆ ಬೆರಳಿಗೇ ಅಂಟಿಕೊಂಡಿತೆಂದರೆ ಅದು ಮೇಣ ಅಥವಾ ರಾಳ. ಹಲಸಿನದು ಮೇಣ. ಬಂಗಲೆ ಕಾಂಪೌಂಡುಗಳ ಕ್ರಿಸ್‌ಮಸ್ ಗಿಡ, ಪೈನ್ ಮರದ್ದು ರಾಳ. ಅರಿವೆಯನ್ನು ಒಣದಾಗಿಯೇ ಇಟ್ಟು ಮುಂದೆ ಓದಿ.

2. ತಣ್ಣಗೆ ಮಾಡಿ ಕೆರೆಯಿರಿ

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ತಾಸು ಫ್ರೀಜರಿನಲ್ಲಿಡಿ. ಗಟ್ಟಿಯಾದದ್ದನ್ನು ಚಮಚದ ಅಂಚಿನಿಂದಲೋ ಹಳೇ ಎಟಿಎಂ ಕಾರ್ಡಿನಿಂದಲೋ ಎಬ್ಬಿಸಿ. ಚಾಕು ಬೇಡ.

3. ಕರಗಿಸಿ ಹೀರಿಸುವುದು

ಎಲ್ಲರೂ ಕೆಡಿಸುವುದು ಇಲ್ಲೇ.

ಹಲಸು ಹೆಚ್ಚುವ ಮೊದಲು ಕೈಗೆ, ಈಳಿಗೆಗೆ ಎಣ್ಣೆ ಸವರಿಕೊಳ್ಳುತ್ತೇವೆ ಅಲ್ವಾ? ಅರಿವೆಗೂ ಅದೇ ಮದ್ದು. ಹಲಸಿನ ಮೇಣಕ್ಕೆ ಎಣ್ಣೆ. ರಾಳಕ್ಕೆ ಸ್ಪಿರಿಟ್, ಅಂದರೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್. ಎರಡಕ್ಕೂ ಒಂದೇ ಬಾಟಲಿ ಸಾಕು ಅನ್ನುವವರು ನೀಲಗಿರಿ ಎಣ್ಣೆ ತನ್ನಿ. ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಮನೆ ಮನೆಯಲ್ಲೂ ಶೇಂಗಾ ಎಣ್ಣೆ ಇರುತ್ತದೆ, ಅದೂ ಕೆಲಸ ಮಾಡುತ್ತದೆ. ಆದರೆ ಬಿಳಿ ಅಂಗಿಗೆ ಕೊಬ್ಬರಿ ಎಣ್ಣೆಯೇ ಆಗಬೇಕು. ಶೇಂಗಾ ಎಣ್ಣೆಯ ಹಳದಿ ತೆಗೆಯುವುದು ಇನ್ನೊಂದು ಕೆಲಸ.

ಅಂಗಿಯನ್ನು ಒಳಮೈ ಮೇಲೆ ಬರುವಂತೆ ತಿರುವಿ. ಹಳೇ ಬನಿಯನ್ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಅಂಗಿ ಹಾಸಿ. ಕಲೆಯ ಮುಖ ಬನಿಯನ್ನಿಗೆ ತಾಗಿರಬೇಕು, ಬೆನ್ನು ನಿಮ್ಮ ಕಡೆ ಇರಬೇಕು. ಮೇಣ ಬಂದ ದಾರಿಯಲ್ಲೇ ವಾಪಸ್ ಹೋಗಲಿ ಅಂತ ಈ ಉಪಾಯ. ಮುಂದಿನಿಂದ ಹಚ್ಚಿದರೆ ಇನ್ನೂ ಒಳಗೆ ತಳ್ಳಿದಂತೆ.

ಹತ್ತಿಯುಂಡೆ ಅದ್ದಿ ಮೊದಲು ಕಲೆಯ ಸುತ್ತ, ಆಮೇಲೆ ನಡುವೆ ಒತ್ತಿ. ನಡುವಿನಿಂದ ಶುರು ಮಾಡಿದರೆ ಉಂಗುರ ಬೀಳುತ್ತದೆ. ಒತ್ತಬೇಕು, ತಿಕ್ಕಬಾರದು. ಎಣ್ಣೆಯಾದರೆ ಹತ್ತು ನಿಮಿಷ ಸುಮ್ನೆ ಬಿಡಿ. ಸ್ಪಿರಿಟ್ ಬೇಗ ಆರುತ್ತದೆ, ಮತ್ತೆ ಮತ್ತೆ ಅದ್ದಬೇಕು. ಬನಿಯನ್ ಎತ್ತಿ ನೋಡಿ. ಕಂದು ಮಚ್ಚೆ ಬಿದ್ದಿದ್ದರೆ ಕೆಲಸ ನಡೆದಿದೆ. ಬೇರೆ ಮಡಿಕೆ ತಿರುಗಿಸಿ ಮತ್ತೆ ಒತ್ತಿ. ಹತ್ತಿಯುಂಡೆಯನ್ನೂ ಬದಲಿಸಿ. ಒಂದೇ ಉಂಡೆಯಲ್ಲಿ ಮುಗಿಸಲು ಹೋದರೆ ತೆಗೆದ ಮೇಣವನ್ನೇ ಪಕ್ಕಕ್ಕೆ ಬಳಿಯುತ್ತೀರಿ. ದಪ್ಪ ಕಲೆಗೆ ಐದಾರು ಸಲ ಬೇಕು. ಬನಿಯನ್‌ಗೆ ಮಚ್ಚೆ ಬೀಳುವುದು ನಿಂತಾಗ ನಿಲ್ಲಿಸಿ.

ಏನು ಹಚ್ಚುವುದಿದ್ದರೂ ಮೊದಲು ಒಳಗಿನ ಹೊಲಿಗೆಯ ಹತ್ತಿರ ಒಂದು ಹನಿ ಹಾಕಿ ನೋಡಿ. ಅವಸರದಲ್ಲಿ ಒಮ್ಮೆ ನಾನು ಅವ್ವನ ಇಳಕಲ್ಲ ಸೀರೆಗೆ ಥಿನ್ನರ್ ಹಚ್ಚಿದೆ. ಮೇಣ ಹೋಯಿತು, ಜತೆಗೆ ಟೋಪ್ ತೆನಿ ಸೆರಗಿನ ಕೆಂಪು ಪಕ್ಕದ ಬಿಳಿಗೆ ಹರಿಯಿತು. ಅವ್ವ ಏನೂ ಅನ್ನಲಿಲ್ಲ, ಸೀರೆ ಮಡಿಚಿ ಟ್ರಂಕಿಗೆ ಹಾಕಿದಳು. ರೇಷ್ಮೆ ಸೆರಗಿನ ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ ಇವಕ್ಕೆ ಮನೆ ಮದ್ದು ಬೇಡವೇ ಬೇಡ. ಡ್ರೈಕ್ಲೀನಿಂಗಿಗೆ ಕೊಡಿ, "ಇದು ಹಲಸಿನ ಮೇಣ" ಅಂತ ಬಾಯಿಬಿಟ್ಟು ಹೇಳಿ ಕೊಡಿ. ಹೇಳದಿದ್ದರೆ ಅವರೂ ಸುಮ್ಮನೆ ಬಿಸಿ ಇಸ್ತ್ರಿ ಎಳೆದಾರು. ನನಗೆ ಹಾಗೂ ಆಗಿದೆ.

ಇನ್ನು ಜನ ಹೇಳುವ ಅಡ್ಡದಾರಿಗಳು. ಸೀಮೆಎಣ್ಣೆ ಮೇಣ ಬಿಡಿಸುತ್ತದೆ, ಸುಳ್ಳಲ್ಲ. ಆದರೆ ವಾಸನೆ ನಾಲ್ಕು ಒಗೆತಕ್ಕೂ ಹೋಗುವುದಿಲ್ಲ. ಪೆಟ್ರೋಲ್ ಅಂತೂ ಮನೆಯೊಳಗೆ ತರಲೇಬೇಡಿ. ನೇಲ್‌ಪಾಲಿಶ್ ರಿಮೂವರ್ ಅಸಿಟೇಟ್ ಅನ್ನುವ ಹೊಳಪಿನ ಕೃತಕ ಬಟ್ಟೆಯನ್ನೇ ಕರಗಿಸಿ ತೂತು ಮಾಡುತ್ತದೆ. ಟರ್ಪೆಂಟೈನ್ ರಾಳಕ್ಕೆ ಒಳ್ಳೆಯದೇ, ಮೂಲದಲ್ಲಿ ಅದನ್ನು ಪೈನ್ ಮರದ ರಾಳದಿಂದಲೇ ಭಟ್ಟಿ ಇಳಿಸಿ ತೆಗೆಯುವುದು. ದಪ್ಪ ಜೀನ್ಸಿಗೆ ಮಾತ್ರ ಬಳಸಿ. ಇನ್ನು ಟೀವಿಯಲ್ಲಿ ತೋರಿಸುವ ಕಲೆ ತೆಗೆಯುವ ಪುಡಿಗಳು ಬಣ್ಣದ ಕಲೆಗೆ ಇರುವಂಥವು. ಮೇಣಕ್ಕೆ ಹಾಕಿದರೆ ದುಡ್ಡು ದಂಡ.

4. ಎಣ್ಣೆ ತೆಗೆಯುವುದು

ಈಗ ಮೇಣ ಹೋಗಿ ಎಣ್ಣೆ ಕಲೆ ಉಳಿದಿದೆ. ಇಲ್ಲಿ ಗಾಬರಿಯಾಗಿ ಜನ ನೀರು ಸುರಿಯುತ್ತಾರೆ. ತಡೆಯಿರಿ. ಭಾಂಡೆ ತಿಕ್ಕುವ ಲಿಕ್ವಿಡನ್ನು ಒಣ ಅರಿವೆಯ ಮೇಲೇ ನಾಲ್ಕು ಹನಿ ಹಾಕಿ ಬೆರಳಲ್ಲಿ ಸವರಿ, ಕಾಲು ತಾಸು ಬಿಡಿ. ಆಮೇಲೆ ಬಿಸಿನೀರು, ಅದೂ ಹತ್ತಿ ಬಟ್ಟೆಗಾದರೆ. ಬಟ್ಟೆ ಸಾಬೂನಿಗಿಂತ ಭಾಂಡೆ ಲಿಕ್ವಿಡ್ ಎಣ್ಣೆಗೆ ಜಾಸ್ತಿ ಕೆಲಸ ಮಾಡುತ್ತದೆ.

5. ಎಂದಿನಂತೆ ಒಗೆಯಿರಿ

ಸ್ಪಿರಿಟ್, ಟರ್ಪೆಂಟೈನ್, ನೀಲಗಿರಿ ಎಣ್ಣೆ ಹಚ್ಚಿದ್ದರೆ ಮೊದಲು ಕೈಯಲ್ಲಿ ಜಾಲಿಸಿ, ವಾಸನೆ ಹೋದ ಮೇಲೆ ಮಷೀನಿಗೆ ಹಾಕಿ. ಬೆಂಕಿ ಹತ್ತುವ ಪದಾರ್ಥ ಅವು. ಒಲೆ ಹತ್ತಿರ ಕೂತು ಈ ಕೆಲಸ ಮಾಡುವುದೂ ಬೇಡ.

6. ನೆರಳಲ್ಲಿ ಒಣಗಿಸಿ, ಬೆರಳಾಡಿಸಿ

ಕಣ್ಣಿಗಿಂತ ಬೆರಳು ನಂಬಿ. ಬಿರುಸು ತಾಗಿದರೆ ಮತ್ತೆ ಮೂರನೇ ಹಂತಕ್ಕೆ. ಮೆತ್ತಗಿದ್ದರೆ ಮಾತ್ರ ಇಸ್ತ್ರಿ.

ಇಸ್ತ್ರಿ ಪೆಟ್ಟಿಗೆಗೆ ಆಗಲೇ ಮೇಣ ಹತ್ತಿದ್ದರೆ ಪ್ಲಗ್ ಕಿತ್ತು, ತಳ ಉಗುರುಬೆಚ್ಚಗಿರುವಾಗ ಕೊಬ್ಬರಿ ಎಣ್ಣೆ ಅದ್ದಿದ ದಪ್ಪ ಬಟ್ಟೆಯಿಂದ ಒರೆಸಿ. ಆಮೇಲೆ ಒಣ ಬಟ್ಟೆಯಿಂದ ಎರಡು ಸಲ. ಮೇಲಿನ ಮನೆಯ ಹುಡುಗನ ಪೆಟ್ಟಿಗೆ ಹೀಗೇ ಉಳಿಯಿತು. ಅಂಗಿ ಮುಕ್ಕಾಲು ಉಳಿಯಿತು, ಕಾಲರಿನ ಕೆಳಗೆ ಒಂದು ಮಬ್ಬು ಮಚ್ಚೆ ಇದೆ.

ಬಾಳೆಯ ರಸದ ಕಪ್ಪು ಕಲೆ ತಂದು ಇದೇ ಉಪಾಯ ಕೇಳುವವರಿದ್ದಾರೆ. ಅದು ಅಂಟಲ್ಲ, ನೂಲಿಗೇ ಹತ್ತಿದ ಬಣ್ಣ. ಹಸಿ ಇರುವಾಗಲೇ ತೊಳೆದರೆ ಅಷ್ಟಿಷ್ಟು ಹೋದೀತು. ಒಣಗಿದ ಮೇಲೆ ನನ್ನ ಹತ್ತಿರ ತರಬೇಡಿ.