ಎದುರು ತಾರಸಿಯ ಟವರ್: ವಿಕಿರಣ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಬೆಂಗಳೂರಿನಂಥ ಊರಿನಲ್ಲಿ ಎದುರುಮನೆಯ ತಾರಸಿ ಮೇಲೆ ಮೊಬೈಲ್ ಟವರ್ ಎದ್ದರೆ ಮನೆಮಂದಿಗೆ ಆತಂಕವಾಗುವುದು ಸಹಜ. ಜಗಳಕ್ಕಿಳಿಯುವ ಮೊದಲು ಅಳತೆ ಮಾಡಿಸಿ.

ಮೊದಲು ಆಂಟೆನಾ ಯಾವ ಕಡೆಗೆ ಮುಖ ಮಾಡಿದೆ ನೋಡಿ. ಕಂಬದಲ್ಲಿ ನೆಟ್ಟಗೆ ನಿಂತ ಉದ್ದನೆಯ ಪಟ್ಟಿಗಳಿಂದ ತರಂಗ ಹೆಚ್ಚುಕಡಿಮೆ ಅಡ್ಡಡ್ಡಲಾಗಿ, ತುಸು ಕೆಳಕ್ಕೆ ಬಾಗಿ ಹೊರಡುತ್ತದೆ. ಹಾಗಾಗಿ ಟವರ್ ಹೊತ್ತ ಕಟ್ಟಡದೊಳಗಿನವರಿಗಿಂತ, ಅದೇ ಎತ್ತರದಲ್ಲಿ ಎದುರಿಗಿರುವ ಬಾಲ್ಕನಿಗೆ ಸಾಮಾನ್ಯವಾಗಿ ಹೆಚ್ಚು ತಾಗುತ್ತದೆ. ಅಡೆತಡೆ ಇಲ್ಲದ ಕಡೆ, ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಆಮೇಲೆ ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ತರಂಗ್ ಸಂಚಾರ್ ಪೋರ್ಟಲ್ ತೆರೆಯಿರಿ. ನಿಮ್ಮ ಬಡಾವಣೆಯ ಟವರ್‌ಗಳು ನಕ್ಷೆಯಲ್ಲಿ ಕಾಣುತ್ತವೆ. ಅನುಮಾನ ಉಳಿದರೆ ಅಲ್ಲೇ ಶುಲ್ಕ ಕಟ್ಟಿ (ಆರಂಭದಲ್ಲಿ 4,000 ರೂಪಾಯಿ ಇತ್ತು) ಅಳತೆಗೆ ಕೋರಿಕೆ ಸಲ್ಲಿಸಬಹುದು. ಅಕ್ಕಪಕ್ಕದ ಮನೆಯವರು ಸೇರಿ ಕಟ್ಟಿದರೆ ಹೊರೆಯಾಗದು. ಸಿಬ್ಬಂದಿ ಬಂದಾಗ ಮಕ್ಕಳು ಮಲಗುವ ಕೋಣೆಯಲ್ಲೂ ಅಳೆಯಲು ಕೇಳಿ.

ವರದಿ ಓದುವುದು ಹೀಗೆ: 2012ರ ಸೆಪ್ಟೆಂಬರ್ 1ರಿಂದ ಭಾರತ ತನ್ನ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಿತು. ಆ ಲೆಕ್ಕದಲ್ಲಿ 900 ಮೆಗಾಹರ್ಟ್ಸ್ ಆವರ್ತನದ (ಫ್ರೀಕ್ವೆನ್ಸಿಯ) ತರಂಗಕ್ಕೆ ಚದರ ಮೀಟರಿಗೆ 0.45 ವ್ಯಾಟ್, 1800ಕ್ಕೆ 0.9 ವ್ಯಾಟ್. ವರದಿ ‘ಮೀಟರಿಗೆ ಇಷ್ಟು ವೋಲ್ಟ್’ ಎಂದಿದ್ದರೆ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 377ರಿಂದ ಭಾಗಿಸಿ. ಮೀಟರಿಗೆ 13 ವೋಲ್ಟ್ ಎಂದರೆ ಚದರ ಮೀಟರಿಗೆ ಸುಮಾರು 0.45 ವ್ಯಾಟ್. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮೀಟರ್‌ಗಳನ್ನು ನೆಚ್ಚಬೇಡಿ. ಕೆಲವು ಕರೆಂಟು ತಂತಿಯ 50 ಹರ್ಟ್ಸ್ ಕ್ಷೇತ್ರವನ್ನಷ್ಟೇ ಅಳೆಯುತ್ತವೆ, ಟವರ್ ತರಂಗ ಅವಕ್ಕೆ ಕಾಣುವುದೇ ಇಲ್ಲ.

ಇನ್ನು ಕೈಯಲ್ಲಿರುವ ಫೋನಿನ ವಿಚಾರ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ತರಂಗಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ’ 2ಬಿ ಗುಂಪಿಗೆ ಸೇರಿಸಿದ್ದು, ಮುಖ್ಯವಾಗಿ ಫೋನ್ ಬಳಕೆ ಕುರಿತ ಸೀಮಿತ ಪುರಾವೆಯಿಂದ. ಟವರ್ ಬಗ್ಗೆ ಪುರಾವೆ ಸಾಲದೆಂದೇ ಅದು ಹೇಳಿತು. ಸಿಗ್ನಲ್ ಕ್ಷೀಣಿಸಿದಷ್ಟೂ ಫೋನ್ ಹೆಚ್ಚು ಶಕ್ತಿಯಿಂದ ತರಂಗ ಹೊರಡಿಸುತ್ತದೆ. ಅದಕ್ಕೇ ಲಿಫ್ಟ್, ನೆಲಮಾಳಿಗೆಗಳಲ್ಲಿ ದೀರ್ಘ ಮಾತು ಬೇಡ. ಇಯರ್‌ಫೋನ್ ಬಳಸಿ, ರಾತ್ರಿ ಫೋನನ್ನು ದಿಂಬಿನ ಕೆಳಗೆ ಇಡಬೇಡಿ. ನನ್ನ ಮಟ್ಟಿಗೆ, ಮಕ್ಕಳಿರುವ ಮನೆಯಲ್ಲಿ ಟವರ್ ಅಳತೆಗಿಂತ ಮುಂಚೆ ಆಗಬೇಕಾದ ಕೆಲಸ ಇದೇ.

ಟವರ್‌ನ ಡೀಸೆಲ್ ಜನರೇಟರಿನ ಹೊಗೆ, ಸದ್ದಿನ ತೊಂದರೆ ಇದ್ದರೆ ಅದನ್ನು ವಿಕಿರಣದ ದೂರಿನೊಂದಿಗೆ ಬೆರೆಸಬೇಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬೇರೆಯಾಗಿಯೇ ಬರೆದುಕೊಡಿ.